ಬ್ಲೌಸ್‌ಗೆ ಅಂತ ತಂದ ಹೊಲಿಗೆ ಮಷಿನ್, ಜೇಬು ಹೊಲಿಯುತ್ತಾ ಕೂತಿದೆ

ಬ್ಲೌಸ್ ಹೊಲಿಯಲು ಅಂತ ತಂದ ಮಷಿನ್ ಇದು. ಬ್ಲೌಸ್ ಇವತ್ತಿಗೂ ಟೈಲರ್‌ಗೇ ಕೊಡುತ್ತೇನೆ. ಹಾಗಂತ ದುಡ್ಡು ದಂಡ ಆಯಿತು ಅಂದುಕೊಳ್ಳಬೇಡಿ. ನಮ್ಮ ಮನೆಯಲ್ಲಿ ಮಿಕ್ಸಿ ಬಿಟ್ಟರೆ ಜಾಸ್ತಿ ದುಡಿಯುತ್ತಿರುವುದು ಇದೇ.

ಕಂಪನಿ ಹೆಸರು ಬರೆಯುತ್ತಿಲ್ಲ. 10–12 ಸಾವಿರಕ್ಕೆ ಸಿಗುವ, ಟೇಬಲ್ ಮೇಲಿಟ್ಟು ಹೊಲಿಯುವ ಕರೆಂಟ್ ಜಿಗ್‌ಜ್ಯಾಗ್ ಮಷಿನ್ ಅಂದರೆ ಸಾಕು. ಎಷ್ಟು ವ್ಯಾಟ್, ಎಷ್ಟು ಬಗೆ ಹೊಲಿಗೆ ಎಲ್ಲ ಡಬ್ಬದ ಮೇಲೇ ಇರುತ್ತದೆ, ಓದಿಕೊಳ್ಳಿ. ನಾನು ಬಳಸುವುದು ಎರಡೇ, ನೇರ ಹೊಲಿಗೆ ಮತ್ತು ಜಿಗ್‌ಜ್ಯಾಗ್. ಉಳಿದ ಎಲೆ, ಬಳ್ಳಿ, ಅಲೆ ಎಲ್ಲ ಶುರುವಿನಲ್ಲಿ ಚಿಂದಿ ಬಟ್ಟೆ ಮೇಲೆ ಹೊಡೆದು ನೋಡಿದ್ದಷ್ಟೇ. ಅದಕ್ಕಾಗಿ ದುಬಾರಿ ಮಾಡೆಲ್ ತಗೋಬೇಡಿ.

ನಾನು ಬೆಂಗಳೂರಿನ ಒಂದು ಖಾಸಗಿ ಆಫೀಸಿನಲ್ಲಿ ಅಕೌಂಟ್ಸ್ ನೋಡಿಕೊಳ್ಳುತ್ತೇನೆ. ಪ್ರತಿ ತಿಂಗಳು ಜಿಎಸ್‌ಟಿ ತೆರಿಗೆಯ ಲೆಕ್ಕ ಸಲ್ಲಿಸಲು ಎರಡು ಗಡುವು: 11ಕ್ಕೆ ಜಿಎಸ್‌ಟಿಆರ್-1, 20ಕ್ಕೆ 3ಬಿ. ಆ ದಿನಗಳ ಆಸುಪಾಸಿನಲ್ಲಿ ಮಷಿನ್ ಕಡೆ ತಿರುಗಿಯೂ ನೋಡುವುದಿಲ್ಲ. ಮಾರ್ಚ್ ಬಂತೆಂದರೆ ಅದಕ್ಕೆ ಹೊದಿಸಿದ ಬಟ್ಟೆ ತೆಗೆಯುವುದೇ ಇಲ್ಲ. ಉಳಿದ ದಿನ ಸಿಗುವುದು ಬೆಳಿಗ್ಗೆ ಕುಕ್ಕರ್ ಕೂಗುವಷ್ಟು ಹೊತ್ತು, ರಾತ್ರಿ ಊಟ ಮುಗಿದ ಮೇಲೆ ಅರ್ಧ ಗಂಟೆ. ಬ್ಲೌಸ್ ಈ ಲೆಕ್ಕಕ್ಕೆ ಹೊಂದುವುದಿಲ್ಲ. ಕಟಿಂಗ್ ಒಂದು ದಿನ, ಲೈನಿಂಗ್ ಕೂಡಿಸುವುದು ಒಂದು ದಿನ, ಡಾರ್ಟ್ ಹಿಡಿದು ತೋಳು ಕೂರಿಸುವ ಹೊತ್ತಿಗೆ ಮೂರನೇ ವಾರ. ಅಷ್ಟರಲ್ಲಿ ಮದುವೆ ಮುಗಿದು ಬೀಗರೂಟವೂ ಆಗಿರುತ್ತದೆ. ನಮ್ಮ ಟೈಲರ್ ಲೈನಿಂಗ್ ಬ್ಲೌಸ್‌ಗೆ 600 ರೂಪಾಯಿ ತಗೊಳ್ಳುತ್ತಾರೆ. ನನ್ನ ಮೂರು ವಾರದ ನಿದ್ದೆಗೆ ಅದು ಜಾಸ್ತಿ ಅಲ್ಲ.

ಮಷಿನ್ ಬಚಾವಾಗಿದ್ದು ಜೇಬಿನಿಂದ.

ಆಫೀಸಿಗೆ ನಾನು ಹಾಕುವುದು ಕಾಟನ್ ಕುರ್ತಾ, ಪಕ್ಕದಲ್ಲಿ ಕಟ್ ಇರುವಂಥವು. ಒಂದಕ್ಕೂ ಜೇಬಿಲ್ಲ. ಬ್ಯಾಂಕಿನ ಓಟಿಪಿ ಬರುವುದು ನನ್ನ ಫೋನಿಗೆ. ಬಾಸ್ ಕ್ಯಾಬಿನ್‌ನಿಂದ ಪೇಮೆಂಟ್ ಹಾಕುತ್ತಾರೆ, ನಾನು ನನ್ನ ಸೀಟಿನಿಂದ ಓಟಿಪಿ ಕೂಗಬೇಕು, ಇಲ್ಲವೇ ಫೈಲ್ ಒಂದು ಕೈಲಿ, ಫೋನ್ ಒಂದು ಕೈಲಿ ಹಿಡಿದು ಓಡಬೇಕು. ಬಾಗಿಲು ತೆಗೆಯೋದು ಮೊಣಕೈಯಲ್ಲಿ. ಈಗ ಫೋನ್, ಮೆಟ್ರೊ ಕಾರ್ಡ್, ಒಂದು ಪೆನ್ನು ಎಲ್ಲ ಬಲಗಡೆ ಜೇಬಿನಲ್ಲಿ. ಹಳೆ ಕಾಲದ ಅಜ್ಜಿಯರು ಸೊಂಟಕ್ಕೆ ಎಲೆ ಅಡಿಕೆ ಸಂಚಿ ಸಿಕ್ಕಿಸಿಕೊಂಡು ಎರಡೂ ಕೈ ಬೀಸುತ್ತಾ ನಡೆಯುತ್ತಿದ್ದರಲ್ಲ, ಆ ಸುಖ ನಮ್ಮ ಬಟ್ಟೆಯಿಂದ ಯಾವಾಗ ಮಾಯವಾಯಿತೋ!

ಜೇಬಿಗೆ ಬಟ್ಟೆ ಎಲ್ಲಿಂದ ಅಂತೀರಾ? ಪ್ರತಿ ಮನೆಯ ಬೀರುವಿನಲ್ಲೂ ಒಂದು ಕಟ್ಟು ಇರುತ್ತದೆ. ವರಮಹಾಲಕ್ಷ್ಮಿಗೆ, ಗೌರಿ ಹಬ್ಬಕ್ಕೆ, ಗೃಹಪ್ರವೇಶಕ್ಕೆ ತಾಂಬೂಲದ ಜೊತೆ ಕೊಟ್ಟ ಬ್ಲೌಸ್ ಪೀಸ್‌ಗಳು. ಯಾರೂ ಹೊಲಿಸುವುದಿಲ್ಲ. ಮುಂದಿನ ಹಬ್ಬಕ್ಕೆ ಇನ್ನೊಬ್ಬರಿಗೆ ದಾಟಿಸುತ್ತಾರೆ. ನಾನೇ ಕೊಟ್ಟ ಗಿಳಿಹಸಿರು ಪೀಸ್ ಎರಡು ಮನೆ ಸುತ್ತಿ ನನಗೇ ವಾಪಸ್ ಬಂದಿದೆ, ಮೂಲೆಯಲ್ಲಿ ನಾನೇ ಬಿಡಿಸದೆ ಬಿಟ್ಟಿದ್ದ ಬೆಲೆಚೀಟಿಯ ಅಂಟಿನ ಸಮೇತ. ಈಗ ಅದು ಬೂದು ಬಣ್ಣದ ಕುರ್ತಾದ ಒಳಗಿದೆ. ಬ್ಲೌಸ್ ಪೀಸ್‌ಗಳಲ್ಲಿ ಟೂ ಬೈ ಟೂ ಅನ್ನುವ ಬಟ್ಟೆ ಜೇಬಿಗೆ ಬಹಳ ಚೆನ್ನಾಗಿ ಕೂರುತ್ತದೆ. ತೆಳ್ಳಗೆ, ಆದರೆ ಗಟ್ಟಿ. ಹೊಳೆಯುವ ಪಾಲಿಸ್ಟರ್ ಪೀಸ್ ಬೇಡ, ಫೋನ್ ಜಾರುತ್ತದೆ, ಬೇಸಿಗೆಯಲ್ಲಿ ತೊಡೆಗೆ ಅಂಟುತ್ತದೆ.

ಬಾಗಲಕೋಟೆ ಕಡೆಯ ನೆಂಟರು ಉಡಿ ತುಂಬಿದಾಗ ಬಂದ ಗುಳೇದಗುಡ್ಡದ ಖಣಗಳೂ (ಅಲ್ಲಿ ನೇಯುವ ಅಂಚಿನ ರವಿಕೆ ಬಟ್ಟೆ) ಇದ್ದವು. ಅವನ್ನು ಒಳಗೆ ಮುಚ್ಚಿಡಲು ಮನಸ್ಸು ಬರಲಿಲ್ಲ. ಸಾದಾ ಕೈಮಗ್ಗದ ಕುರ್ತಾದ ಮೇಲೆ ಹೊರಜೇಬು ಮಾಡಿ ಹಾಕಿದೆ, ಖಣದ ಅಂಚು ಜೇಬಿನ ಬಾಯಿಗೆ ಬರುವ ಹಾಗೆ. ಖಣ ಕತ್ತರಿಸಿದ ಕೂಡಲೇ ಎಳೆ ಬಿಡುತ್ತದೆ. ಸುತ್ತ ಜಿಗ್‌ಜ್ಯಾಗ್ ಓಡಿಸಿ, ಆಮೇಲೆ ಮಡಚಿ ಹೊಲಿಯಬೇಕು. ಈ ಒಂದು ಕೆಲಸಕ್ಕೇ ಹಳೆಯ ತುಳಿಯುವ ಮಷಿನ್ ಬಿಟ್ಟು ಇದನ್ನು ತಗೊಂಡಿದ್ದು ಸರಿ ಅನಿಸಿತು.

ಪಕ್ಕದ ಜೇಬು ಹಾಕುವವರಿಗೆ ಒಂದು ಮಾತು. ಕುರ್ತಾದ ಕಟ್ ಎಲ್ಲಿ ಶುರುವಾಗುತ್ತದೆ ಅಂತ ಮೊದಲು ನೋಡಿ. ಸೊಂಟಕ್ಕೂ ಕಟ್‌ಗೂ ನಡುವೆ ಸಿಗುವ ಜಾಗ ಒಂದು ಗೇಣು ಅಷ್ಟೇ. ಜೇಬಿನ ಚೀಲ ಅದಕ್ಕಿಂತ ಕೆಳಗೆ ಇಳಿದರೆ ನಡೆಯುವಾಗ ಕಟ್‌ನಿಂದ ಜೇಬಿನ ಬಟ್ಟೆ ಇಣುಕುತ್ತದೆ. ಅದಕ್ಕೆ ಚೀಲವನ್ನು ಕೆಳಗೆ ಬಿಡದೆ ಮುಂದಕ್ಕೆ, ಹೊಟ್ಟೆ ಕಡೆಗೆ ವಾಲಿಸಿ ಕತ್ತರಿಸಿ. ಪಕ್ಕದ ಹೊಲಿಗೆ ಆರು ಇಂಚು ಬಿಚ್ಚಿ, ಚೀಲದ ಒಂದು ಪದರ ಮುಂಭಾಗಕ್ಕೆ, ಇನ್ನೊಂದು ಹಿಂಭಾಗಕ್ಕೆ ಹೊಲಿದು, ಸುತ್ತ ಒಂದು ಸುತ್ತು ಬನ್ನಿ. ಜೇಬಿನ ಬಾಯಿಯ ಮೇಲೆ ಕೆಳಗೆ ರಿವರ್ಸ್ ಒತ್ತಿ ಎರಡು ಸಲ ಹೊಲಿಯಿರಿ, ಕೈ ಹಾಕುವಾಗ ಹರಿಯುವುದು ಅಲ್ಲೇ. ಮೆತ್ತನೆ ಕಾಟನ್ ಆದರೆ ಫೋನಿನ ಭಾರಕ್ಕೆ ಕುರ್ತಾ ಒಂದು ಕಡೆ ಜೋತುಬೀಳುತ್ತದೆ. ಹೊಲಿಗೆಗುಂಟ ಒಳಗಡೆ ಒಂದು ಬಟ್ಟೆಯ ಟೇಪ್ ಹೊಲಿದರೆ ತಡೆಯುತ್ತದೆ.

ಇಷ್ಟು ಹೊತ್ತು ಹೊಗಳಿದ್ದಾಯಿತು. ಈಗ ಪೆಡಲ್ ಕಥೆ.

ಈ ಮಷಿನ್ ಮಾಡಿದವರು ನಮ್ಮ ಮನೆಗಳ ನೆಲ ನೋಡಿಲ್ಲ. ವಿಟ್ರಿಫೈಡ್ ಟೈಲ್ಸ್ ಮೇಲೆ ಪೆಡಲ್ ನಿಲ್ಲುವುದೇ ಇಲ್ಲ. ಒತ್ತಿದರೆ ಹಿಂದಕ್ಕೆ ಹೋಗುತ್ತದೆ, ಕಾಲು ಅದನ್ನು ಹುಡುಕಿಕೊಂಡು ಟೇಬಲ್ ಕೆಳಗೆ ಹೋಗುತ್ತದೆ, ನಾನು ಕುರ್ಚಿಯಿಂದ ಅರ್ಧ ಜಾರಿರುತ್ತೇನೆ. ಅಷ್ಟರಲ್ಲಿ ಕಾಲ ತುದಿ ತಾಗಿ ಜೋರಾಗಿ ಒತ್ತಿ, ನೇರ ಹೋಗುತ್ತಿದ್ದ ಹೊಲಿಗೆ ಓಡಿಬಿಡುತ್ತದೆ. ಕೆಳಗೆ ನಾಲ್ಕು ರಬ್ಬರ್ ಗುಂಡಿ ಇವೆ. ಧೂಳು ಹತ್ತಿದ ಮೇಲೆ ಅವು ಇದ್ದೂ ಇಲ್ಲದ ಹಾಗೆ. ಹಳೆಯ ಯೋಗ ಮ್ಯಾಟ್ ಕತ್ತರಿಸಿ ಕೆಳಗೆ ಹಾಕಿದ ಮೇಲೆಯೇ ಸಮಾಧಾನ. ಚಪ್ಪಲಿ ಹಾಕಿಕೊಂಡು ಒತ್ತಬೇಡಿ. ಬರಿಗಾಲಲ್ಲಿ ಹೆಬ್ಬೆರಳಿನಿಂದ ಒತ್ತಿದರೆ ಒಂದೊಂದೇ ಹೊಲಿಗೆ ಹಾಕುವಷ್ಟು ಹಿಡಿತ ಸಿಗುತ್ತದೆ.

ಎರಡನೆಯದು ಸದ್ದು. ಹಗಲಲ್ಲಿ ಏನೂ ಅನಿಸುವುದಿಲ್ಲ. ರಾತ್ರಿ ಹತ್ತಕ್ಕೆ ಊಟದ ಟೇಬಲ್ ಮೇಲಿಟ್ಟು ಹೊಲಿದರೆ ಟೇಬಲ್ ಕಾಲಿನಿಂದ ಕೆಳಗಿನ ಮನೆಗೆ ನೇರ ಸದ್ದು. ಕೆಳಗಿನ ಆಂಟಿ ಲಿಫ್ಟ್‌ನಲ್ಲಿ ಸಿಕ್ಕಾಗ, "ದೋಸೆಗೆ ರುಬ್ಬೋದು ಅಷ್ಟು ರಾತ್ರಿ ಯಾಕಮ್ಮಾ, ಸಂಜೆನೇ ಹಾಕ್ಬಾರ್ದಾ?" ಅಂದರು. ಈಗ ನಾಲ್ಕು ಮಡಿಕೆ ಜಮಖಾನದ ಮೇಲೆ ಕೂತಿದೆ. ಸದ್ದು ಕಮ್ಮಿಯಾಗಿದೆ. ಆಂಟಿ ಸೀರೆಗೆ ಫಾಲ್ಸ್ ಹಾಕಿಕೊಟ್ಟ ಮೇಲೆ ದೂರೂ ಕಮ್ಮಿಯಾಗಿದೆ.

ನಿಜವಾಗಿ ಸಿಟ್ಟು ಬಂದಿದ್ದು ಸರ್ವಿಸ್ ವಿಷಯಕ್ಕೆ. ಯಜಮಾನರ ಜೀನ್ಸ್ ಉದ್ದ ಕಡಿಮೆ ಮಾಡುವಾಗ ದಪ್ಪ ಮಡಿಕೆಯಲ್ಲಿ ಸೂಜಿ ಮುರಿಯಿತು. ಹೊಸ ಸೂಜಿ ಹಾಕಿದರೂ ಹೊಲಿಗೆ ಬಿಟ್ಟು ಬಿಟ್ಟು ಬೀಳಲು ಶುರು. ವಾರಂಟಿ ಇತ್ತು, ಫೋನ್ ಮಾಡಿದೆ. ದೂರಿನ ನಂಬರ್ ಮೆಸೇಜ್ ಬಂತು. ಜನ ಬರಲಿಲ್ಲ. ಮತ್ತೆ ಫೋನ್ ಮಾಡಿದರೆ ಇನ್ನೊಂದು ನಂಬರ್. ಕೊನೆಗೆ ಬಂದವರು ಮುಚ್ಚಳವನ್ನೂ ತೆಗೆಯದೆ "ಮೇಡಂ, ಸೆಂಟರ್‌ಗೆ ತಗೊಂಡ್ಬನ್ನಿ" ಅಂದರು. ಆರು ಕೆಜಿ ಮೇಲಿರುವ ಮಷಿನ್ ಎತ್ತಿಕೊಂಡು ಆಟೋದಲ್ಲಿ ಊರಾಚೆ ಹೋಗುವುದಾದರೆ ಮನೆಗೆ ಬಂದು ಸರ್ವಿಸ್ ಮಾಡುತ್ತೇವೆ ಅಂತ ಹಾಕಿಕೊಂಡಿದ್ದು ಯಾಕೆ?

ನಮ್ಮ ಮಾರ್ಕೆಟ್ ಹಿಂದೆ ತುಳಿಯುವ ಮಷಿನ್ ರಿಪೇರಿ ಮಾಡುವ ಒಬ್ಬರಿದ್ದಾರೆ. ಅವರ ಹತ್ತಿರ ತಗೊಂಡು ಹೋದೆ. ಕೈಯಿಂದ ಚಕ್ರ ನಿಧಾನಕ್ಕೆ ತಿರುಗಿಸಿ ಸೂಜಿ ಕೆಳಗೆ ಇಳಿಯುವುದನ್ನೇ ನೋಡಿದರು. "ಟೈಮಿಂಗ್ ಹೋಗಿದೆ ಅಮ್ಮಾ" ಅಂದರು. ಸೂಜಿ ಕೆಳಗಿಳಿದು ಸ್ವಲ್ಪ ಮೇಲೆ ಏಳುವ ಹೊತ್ತಿಗೆ ಸರಿಯಾಗಿ ಕೆಳಗಿನ ಕೊಕ್ಕೆ ಬಂದು ದಾರದ ಕುಣಿಕೆ ಹಿಡಿಯಬೇಕಂತೆ. ಪೆಟ್ಟು ಬಿದ್ದು ಅದು ಕೂದಲೆಳೆಯಷ್ಟು ಜರುಗಿತ್ತು. ನಾನು ಕೂತು ಟೀ ಕುಡಿಯುವಷ್ಟರಲ್ಲಿ ಸರಿ ಮಾಡಿ 300 ರೂಪಾಯಿ ತಗೊಂಡರು. ಜೀನ್ಸ್‌ಗೆ 16ನೇ ನಂಬರ್ ಸೂಜಿ, ಮಡಿಕೆ ಸೇರುವ ಕಡೆ ಪೆಡಲ್ ಬಿಟ್ಟು ಚಕ್ರ ಕೈಯಲ್ಲೇ ತಿರುಗಿಸುವುದು, ಇವೆರಡು ಅವರೇ ಹೇಳಿಕೊಟ್ಟಿದ್ದು. ತೆಳು ಬಟ್ಟೆಗೆ 11, ಸಾಮಾನ್ಯ ಕಾಟನ್‌ಗೆ 14. ಅಂಗಡಿಯಲ್ಲಿ ಸುಮ್ನೆ "ಮಷಿನ್ ಸೂಜಿ" ಅಂತ ಕೇಳಬೇಡಿ, ಗಾರ್ಮೆಂಟ್ ಮಷಿನ್‌ನ ದುಂಡು ಬುಡದ ಸೂಜಿ ಕೊಟ್ಟುಬಿಡುತ್ತಾರೆ. ಮನೆ ಮಷಿನ್‌ಗೆ ಬುಡ ಒಂದು ಕಡೆ ಚಪ್ಪಟೆ ಇರಬೇಕು. ಬಟ್ಟೆ ಕೆಳಗೆ ದಾರ ಗೋಜಲಾಗಿ ಸಿಕ್ಕಿಕೊಂಡರೆ ಎಲ್ಲರೂ ಮೊದಲು ಬಾಬಿನ್ (ಕೆಳದಾರ ಸುತ್ತಿದ ಚಿಕ್ಕ ಉರುಳೆ) ಬಿಚ್ಚುತ್ತಾರೆ. ಸಾಮಾನ್ಯವಾಗಿ ತಪ್ಪಿರುವುದು ಮೇಲಿನ ದಾರ. ಬಟ್ಟೆ ಒತ್ತಿ ಹಿಡಿಯುವ ಫೂಟ್ ಮೇಲೆತ್ತಿಯೇ ದಾರ ಏರಿಸಬೇಕು, ಆಗಲೇ ಅದು ದಾರ ಬಿಗಿ ಹಿಡಿಯುವ ಟೆನ್ಷನ್ ಬಿಲ್ಲೆಗಳ ನಡುವೆ ಸರಿಯಾಗಿ ಕೂರುವುದು.

ಕಸೂತಿಯನ್ನು ಮಾತ್ರ ಈ ಮಷಿನ್ ಹತ್ತಿರ ಸುಳಿಯಲು ಬಿಟ್ಟಿಲ್ಲ. ಮೆಟ್ರೊದಲ್ಲಿ ಸೀಟು ಸಿಕ್ಕರೆ ಕುರ್ತಾದ ಕುತ್ತಿಗೆ ಪಟ್ಟಿಗೆ ಕೈಯಲ್ಲೇ ಗವಂತಿ ಅನ್ನುವ ಕಸೂತಿ ಹೊಲಿಗೆ ಹಾಕುತ್ತೇನೆ. ಎಳೆ ಎಣಿಸಿ ಹೋಗುವಾಗ ಒಂದು ಬಿಟ್ಟು ಒಂದು, ವಾಪಸ್ ಬರುವಾಗ ಬಿಟ್ಟ ಜಾಗ ತುಂಬುವುದು. ಗಂಟು ಹಾಕುವಂತಿಲ್ಲ, ಹಿಂದೆ ಮುಂದೆ ಎರಡೂ ಒಂದೇ ಥರ ಕಾಣಬೇಕು. ಚಿಕ್ಕಪೇಟೆ ಸ್ಟೇಷನ್ ಬಂದರೆ ಸೂಜಿ ಬಟ್ಟೆಗೆ ಚುಚ್ಚಿ ಎದ್ದು ಹೊರಡಬಹುದು. ಮಷಿನ್ ಕೆಲಸ ಹಾಗೆ ನಡುವೆ ಬಿಟ್ಟು ಏಳುವಂಥದ್ದಲ್ಲ. ಮೊದಲು ಅದು ಅಟ್ಟದ ಮೇಲಿತ್ತು. ಇಳಿಸಿ, ಟೇಬಲ್ ಖಾಲಿ ಮಾಡಿ, ದಾರ ಏರಿಸುವಷ್ಟರಲ್ಲಿ ಹೊಲಿಯುವ ಆಸೆಯೇ ಹೋಗಿರುತ್ತಿತ್ತು. ಕಿಟಕಿ ಪಕ್ಕ ಒಂದು ಚಿಕ್ಕ ಟೇಬಲ್ ತಂದು, ಸದಾ ಬಿಳಿ ದಾರ ಏರಿಸಿಟ್ಟ ಮೇಲೆಯೇ ಅದರ ಬಳಕೆ ನಿಜವಾಗಿ ಶುರುವಾದದ್ದು. ಜಾಗ ಇಲ್ಲದವರು ಇದನ್ನು ಕೊಳ್ಳುವ ಮೊದಲು ಯೋಚಿಸಿ. ಅಟ್ಟ ಸೇರಿದ ಮಷಿನ್ ಅಲ್ಲೇ ಉಳಿಯುತ್ತದೆ.

ಆಫೀಸಿನಲ್ಲಿ ಜೇಬಿನ ಸುದ್ದಿ ಹರಡಿದ ಮೇಲೆ "ಅಕ್ಕಾ, ನನಗೂ ಒಂದು" ಶುರುವಾಯಿತು. ದುಡ್ಡು ತಗೊಳ್ಳಲು ಇಷ್ಟವಿಲ್ಲ. ತಗೊಂಡರೆ ತಾರೀಖು ಹೇಳಬೇಕು, ತಾರೀಖು ಹೇಳುವ ಕೆಲಸ ಈಗಾಗಲೇ ಒಂದಿದೆ. 20 ದಾಟಿದ ಮೇಲೆ ಮಾತ್ರ, ಜೇಬಿನ ಬಟ್ಟೆ ನೀವೇ ತನ್ನಿ ಅಂದೆ. ಎಲ್ಲರೂ ಮನೆಯ ಬ್ಲೌಸ್ ಪೀಸ್ ಕಟ್ಟನ್ನೇ ತಂದುಕೊಟ್ಟರು, "ಉಳಿದಿದ್ದು ನೀವೇ ಇಟ್ಕೊಳ್ಳಿ" ಅಂತ. ಈಗ ನನ್ನ ಬೀರುವಿನಲ್ಲಿ ಮೊದಲಿಗಿಂತ ದೊಡ್ಡ ಕಟ್ಟು ಇದೆ.

ಮತ್ತೆ ತಗೊಳ್ಳುವುದಾದರೆ ಇದೇ ಬೆಲೆಯದ್ದನ್ನೇ ತಗೊಳ್ಳುತ್ತೇನೆ, ಆದರೆ ಬಾಬಿನ್ ಮೇಲಿನಿಂದ ಹಾಕುವಂಥದ್ದು. ನನ್ನದರಲ್ಲಿ ಮುಂದುಗಡೆ ಕೇಸ್ ಒಳಗೆ ಕೂರಿಸಬೇಕು. ದಾರ ಎಷ್ಟು ಉಳಿದಿದೆ ಅಂತ ಕಾಣುವುದಿಲ್ಲ. ಜೇಬಿನ ಸುತ್ತ ಪೂರ್ತಿ ಹೊಲಿದು ಎತ್ತಿ ನೋಡಿದರೆ ಕೆಳದಾರ ಅರ್ಧಕ್ಕೇ ಮುಗಿದಿರುತ್ತದೆ. ಮೇಲಿನಿಂದ ಹಾಕುವ ಮಾಡೆಲ್‌ನಲ್ಲಿ ಪಾರದರ್ಶಕ ಮುಚ್ಚಳ ಇರುತ್ತದೆ, ಇಣುಕಿದರೆ ಸಾಕು. ಅಂಗಡಿಯಲ್ಲಿ ನೋಡುವಾಗ ಒಂದು ಜೀನ್ಸ್ ತುಂಡು, ಒಂದು ತೆಳು ಬ್ಲೌಸ್ ಪೀಸ್ ಜೊತೆಗೆ ಒಯ್ಯಿರಿ. ಅವರು ಹೊಲಿದು ತೋರಿಸುವ ಗಂಜಿ ಹಾಕಿದ ಬಟ್ಟೆ ಮೇಲೆ ಯಾವ ಮಷಿನ್ ಆದರೂ ಚೆನ್ನಾಗಿಯೇ ಓಡುತ್ತದೆ.