ಹಳೇ ಐಸಿ ಮೇಲಿನ ಸ್ಟಿಕ್ಕರ್ ಕೀಳುವ ಮುಂಚೆ ಇದನ್ನೊಮ್ಮೆ ಓದಿ

ಹಳೇ ಕಂಪ್ಯೂಟರ್ ಐಸಿ (ಅಂದರೆ ಚಿಪ್) ಕೂಡಿಡುವ ಹುಚ್ಚು ಹೊಸದಾಗಿ ಹಿಡಿದವರು ಯಾರಾದರೂ ಇದ್ದರೆ ಅವರಿಗಾಗಿ ಇದು. ನನಗೆ ಹಿಡಿದು ಎರಡು ವರ್ಷ ಆಯ್ತು. ಮೊದಲ ಆರು ತಿಂಗಳಲ್ಲಿ ದುಡ್ಡನ್ನೂ ಕಳಕೊಂಡೆ, ದುಡ್ಡು ಕೊಟ್ಟರೂ ಸಿಗದ ಒಂದನ್ನೂ ಕಳಕೊಂಡೆ.

ಶುರುವಾಗಿದ್ದು ಬೆಂಗಳೂರಿನ ಎಸ್.ಪಿ. ರಸ್ತೆ ಹತ್ತಿರದ ಒಂದು ಗುಜರಿ ಅಂಗಡಿಯಲ್ಲಿ. ಬಿಸ್ಕತ್ತಿನ ಡಬ್ಬಿ ತುಂಬ ಬೋರ್ಡಿನಿಂದ ಕಿತ್ತ ಐಸಿಗಳು. "ಇದನ್ನೆಲ್ಲ ಚಿನ್ನ ತೆಗೆಯೋರು ಒಯ್ತಾರೆ ಸಾರ್, ನಿಮಗ್ಯಾಕೆ?" ಅಂದರು ಅಂಗಡಿಯವರು. ಚೌಕಾಸಿ ಮಾಡದೆ ತೂಕಕ್ಕೆ ಹಾಕಿಸಿಕೊಂಡು ಬಂದೆ.

ಐಸಿ ಮೇಲಿನ ನಾಲ್ಕಂಕಿಯ ಸಂಖ್ಯೆ ತಯಾರಾದ ವರ್ಷ ಮತ್ತು ವಾರ ಅಂತ ಎಲ್ಲೋ ಓದಿದ್ದೆ. ಅರೆಬರೆ ಜ್ಞಾನ. ಒಂದು ಕಪ್ಪು ಐಸಿ ಮೇಲೆ 'ಎಸ್‌ಎನ್7408ಎನ್' ಎಂದು ಒಂದು ಸಾಲು, ಕೆಳಗೆ 8532 ಎಂದು ಇನ್ನೊಂದು. 1974ರ ಎಂಟನೇ ವಾರದ್ದು, ಹೆಸರು 8532 ಎಂದುಕೊಂಡು ರಾತ್ರಿಯಿಡೀ 8532 ಎಂಬ ಪ್ರೊಸೆಸರ್ ಹುಡುಕಿದೆ. ಅಂಥದ್ದು ಸಿಗಲೇ ಇಲ್ಲ. ಅದು ಇವತ್ತೂ ಕೆಲವೇ ರೂಪಾಯಿಗೆ ಸಿಗುವ ಆಂಡ್ ಗೇಟ್ (ಎರಡೂ ಸಂಕೇತ ಬಂದರೆ ಮಾತ್ರ ಹೌದು ಎನ್ನುವ ಸರಳ ಐಸಿ), 7408. 1985ರ 32ನೇ ವಾರದಲ್ಲಿ ತಯಾರಾದದ್ದು. 7400 ಸರಣಿಯಲ್ಲಿ ಈ ಮೋಸ ಸದಾ ಇದ್ದದ್ದೇ, 7401ರಿಂದ 7452ರವರೆಗೆ ಯಾವ ಸಂಖ್ಯೆಯಾದರೂ ತಾರೀಖಿನ ಹಾಗೇ ಕಾಣುತ್ತದೆ. ಸಂಖ್ಯೆಗೆ ಮುಂಚೆ ಇರುವ ಅಕ್ಷರ ನೋಡಬೇಕು: ಎಸ್‌ಎನ್ ಇದ್ದರೆ ಸಾಮಾನ್ಯವಾಗಿ ಟೆಕ್ಸಾಸ್ ಇನ್ಸ್ಟ್ರುಮೆಂಟ್ಸ್, ಎಂಸಿ ಮೊಟೊರೊಲಾ, ಎಚ್‌ಡಿ ಹಿಟಾಚಿ. ಅಕ್ಷರ ಅಂಟಿಕೊಂಡಿರುವುದೇ ಹೆಸರು. ಇಂಟೆಲ್‌ನದು ಇನ್ನೊಂದು ತಮಾಷೆ. ಅವರ 8086 ಪ್ರೊಸೆಸರ್ ಮೇಲೆ 1978 ಅಂತ ಕಂಡು ಕುಣಿಯಬೇಡಿ, ಅದು ವಿನ್ಯಾಸದ ಹಕ್ಕಿನ (ಕಾಪಿರೈಟ್) ವರ್ಷ. ಎಷ್ಟೋ ವರ್ಷ ಬಿಟ್ಟು ತಯಾರಾದದ್ದರ ಮೇಲೂ ಅದೇ ಇರುತ್ತದೆ. 1820ರಿಂದ ಶುರುವಾಗಿ ನಡುವೆ ಗೆರೆ ಇರುವ ಸಂಖ್ಯೆ ಸಿಕ್ಕರೆ ಹ್ಯೂಲೆಟ್ ಪ್ಯಾಕರ್ಡ್ ತನ್ನ ಉಗ್ರಾಣಕ್ಕೆ ಇಟ್ಟುಕೊಂಡ ಹೆಸರಿರಬಹುದು. ಒಳಗಿರುವುದು ಮಾಮೂಲಿ ಐಸಿಯೇ ಆಗಿರಬಹುದು.

ಅದರಲ್ಲಿ ಹೋದದ್ದು ನಿದ್ದೆ ಮಾತ್ರ. ದುಡ್ಡು ಹೋದದ್ದು 6581ರಲ್ಲಿ. ಕಮೊಡೋರ್ 64 ಕಂಪ್ಯೂಟರಿನಲ್ಲಿ ಧ್ವನಿ ಹೊರಡಿಸುತ್ತಿದ್ದ 28 ಕಾಲಿನ ಐಸಿ ಇದು, ಸಿಡ್ ಅಂತಾರೆ. ಸಂಗೀತದವರು ಇವತ್ತೂ ಹುಡುಕುತ್ತಾರೆ, ಹಾಗಾಗಿ ಬೆಲೆ ಜಾಸ್ತಿ, ಹಾಗಾಗಿ ನಕಲಿಯೂ ಜಾಸ್ತಿ. ಆನ್‌ಲೈನಿನಲ್ಲಿ ಎರಡಕ್ಕೆ 6,500 ರೂಪಾಯಿ ಕೊಟ್ಟು ತರಿಸಿದೆ. ಎರಡರ ಮೇಲೂ ಒಂದೇ ತಾರೀಖು, ನಿನ್ನೆ ಅಚ್ಚು ಹಾಕಿದಂಥ ಬಿಳಿ ಅಕ್ಷರ. ಅಷ್ಟಕ್ಕೇ ಅನುಮಾನ ಬರಬೇಕಿತ್ತು. ಬಂದದ್ದು ಮೈ ಮೇಲಿನ ಗುಂಡಗಿನ ತಗ್ಗಿನೊಳಗೂ ಕಪ್ಪು ಬಣ್ಣ ತುಂಬಿರುವುದನ್ನು ಲೆನ್ಸಿನಲ್ಲಿ ಕಂಡ ಮೇಲೆ. ಹತ್ತಿಗೆ ಅಸಿಟೋನ್ ಹಾಕಿ ಮೂಲೆಯಲ್ಲಿ ಉಜ್ಜಿದೆ. ಹತ್ತಿ ಕಾಡಿಗೆಯಾಯ್ತು, ಅಡಿಯಲ್ಲಿ ಉಪ್ಪುಕಾಗದದ ಗೀರು. ಯಾವುದೋ ಐಸಿಯ ಮುಖ ಉಜ್ಜಿ, ಬಣ್ಣ ಬಳಿದು, ಹೊಸ ಹೆಸರು ಬರೆದಿದ್ದರು. ದುಡ್ಡು ವಾಪಸ್ ಕೇಳಿದರೆ ಉತ್ತರವಿಲ್ಲ.

ಈ ಪರೀಕ್ಷೆಯಲ್ಲೂ ಹುಷಾರು. ಅಸಲಿ ಹಳೇ ಐಸಿಯ ಶಾಯಿಯೂ ಅಸಿಟೋನಿಗೆ ಅಳಿಸಿಹೋಗಬಹುದು. ಅಕ್ಷರ ಹೋಯಿತೆಂದರೆ ನಕಲಿ ಅಂತಲ್ಲ, ಕಪ್ಪು ಮೈಯೇ ಎದ್ದು ಬಂದರೆ ನಕಲಿ. ಆದ್ದರಿಂದ ಅಕ್ಷರದ ಮೇಲೆ ಉಜ್ಜಲೇಬೇಡಿ. ಹಾಂ, ಐಸಿಗಳನ್ನು ಥರ್ಮಾಕೋಲಿಗೆ ಚುಚ್ಚಿಡಬೇಡಿ, ಅದರ ಸ್ಟಾಟಿಕ್ ವಿದ್ಯುತ್ತಿಗೆ ಒಳಗಡೆ ಸುಟ್ಟುಹೋಗಬಹುದು. ನಾನು ಅದನ್ನೂ ಮಾಡಿದ್ದೆ.

ಇನ್ನು ಬಿಸ್ಕತ್ತಿನ ಡಬ್ಬಿಗೆ ಬರುತ್ತೇನೆ. ಅದರಲ್ಲಿ ಬೆನ್ನ ಮೇಲೆ ಸ್ಟಿಕ್ಕರ್ ಅಂಟಿಸಿದ್ದ ಆರೇಳು 24 ಕಾಲಿನ ಐಸಿಗಳಿದ್ದವು. ಸ್ಟಿಕ್ಕರ್ ಅಡಿಯಲ್ಲಿ ಹೆಸರಿರಬೇಕೆಂದು ಒಂದೊಂದಾಗಿ ಕಿತ್ತೆ. ಪುಟ್ಟ ದುಂಡು ಗಾಜಿನ ಕಿಟಕಿ, ಒಳಗೆ ಹೊಳೆಯುವ ಸಿಲಿಕಾನ್. ಎಷ್ಟು ಚಂದ ಅಂತೀರಿ! ಹೆಸರು 2716. ಗೋಂದಿನ ಕಲೆ ಹೋಗಲೆಂದು ಹಳೇ ಟೂತ್‌ಬ್ರಷ್‌ನಲ್ಲಿ ತೊಳೆದು, ತಾರಸಿಯಲ್ಲಿ ಅಮ್ಮ ಸಂಡಿಗೆ ಇಟ್ಟಿದ್ದ ಪಕ್ಕದಲ್ಲೇ ಸಾಲಾಗಿ ಒಣಗಲು ಇಟ್ಟೆ. ಸಂಡಿಗೆ ಡಬ್ಬಿ ಸೇರಿತು, ಇವನ್ನು ಮರೆತೆ. ಏಪ್ರಿಲ್ ಬಿಸಿಲಲ್ಲಿ ಹತ್ತು ದಿನ.

2716 ಒಂದು ಇಪ್ರಾಮ್, ಅಂದರೆ ಅಳಿಸಿ ಮತ್ತೆ ಬರೆಯಬಹುದಾದ ಮೆಮೊರಿ ಐಸಿ. ಅದರಲ್ಲಿ ಬರೆದದ್ದನ್ನು ಅಳಿಸುವುದೇ ಆ ಕಿಟಕಿಯಿಂದ ನೇರಳಾತೀತ ಬೆಳಕು ಹಾಯಿಸಿ ಎಂದು ಗೊತ್ತಾದದ್ದು ಆಮೇಲೆ. ಅದಕ್ಕೆಂದೇ ಇರುವ ದೀಪದಡಿ 15–20 ನಿಮಿಷ ಸಾಕು. ನೇರ ಬಿಸಿಲಲ್ಲಿ ಸುಮಾರು ಒಂದು ವಾರ, ಟ್ಯೂಬ್‌ಲೈಟಿನಡಿ ಸುಮಾರು 3 ವರ್ಷ ಎಂದು ಇಂಟೆಲ್ ಡೇಟಾಶೀಟಿನಲ್ಲೇ (ಐಸಿಯ ವಿವರ ಪತ್ರ) ಬರೆದಿದೆ. ಸ್ಟಿಕ್ಕರ್ ಅಂಟಿಸಿದ್ದೇ ಬೆಳಕು ತಡೆಯಲು.

ಇಪ್ರಾಮ್ ಓದುವ, ಬರೆಯುವ ಪ್ರೋಗ್ರಾಮರ್ ಯಂತ್ರ ಕೊಂಡು ಓದಿಸಿದಾಗ ಒಂದೊಂದರಲ್ಲೂ 2048 ಬೈಟ್, ಎಲ್ಲವೂ ಎಫ್‌ಎಫ್, ಅಂದರೆ ಖಾಲಿ. ಅಳಿಸಿದ ಇಪ್ರಾಮ್ ಹೇಳುವುದು ಅಷ್ಟೇ. (ಟೆಕ್ಸಾಸ್‌ನವರ ಟಿಎಂಎಸ್2716 ಕೈಗೆ ಸಿಕ್ಕರೆ ಮಾಮೂಲಿ 2716 ಎಂದು ಯಂತ್ರಕ್ಕೆ ಹಾಕಬೇಡಿ. ಹೆಸರಿನ ಅಂಕಿ ಒಂದೇ, ಆದರೆ ಅದು +5, −5, +12 ಮೂರೂ ವೋಲ್ಟ್ ಬೇಡುತ್ತದೆ.)

ಸ್ಟಿಕ್ಕರ್‌ಗಳನ್ನು ಕಸಕ್ಕೆ ಹಾಕಿದ್ದೆ. ಒಂದು ಮಾತ್ರ ಡಬ್ಬಿಯ ತಳಕ್ಕೆ ಅಂಟಿ ಉಳಿದಿತ್ತು. ಬಾಲ್‌ಪೆನ್ನಿನಲ್ಲಿ 'ಕೆಎಎನ್ ಸಿಜಿ 2/4' ಎಂದು ಇಂಗ್ಲಿಷಿನಲ್ಲಿ ಬರೆದಿತ್ತು. ಟರ್ಮಿನಲ್ (ದೊಡ್ಡ ಕಂಪ್ಯೂಟರಿಗೆ ಜೋಡಿಸುವ ಪರದೆ, ಕೀಲಿಮಣೆ) ರಿಪೇರಿ ಮಾಡಿಯೇ ನಿವೃತ್ತರಾದ ಪಕ್ಕದ ಮನೆ ರಾಯರಿಗೆ ತೋರಿಸಿದೆ. ಕನ್ನಡಕ ಏರಿಸಿ ನೋಡಿದರು. "ಸಿಜಿ ಅಂದ್ರೆ ಕ್ಯಾರೆಕ್ಟರ್ ಜನರೇಟರ್ ಕಣಯ್ಯಾ. ಪರದೆ ಮೇಲೆ ಅಕ್ಷರ ಮೂಡಿಸೋ ಚುಕ್ಕೆಗಳು ಅದರಲ್ಲಿರ್ತವೆ. ಕೆಎಎನ್ ಅಂದ್ರೆ ಇನ್ನೇನಿರುತ್ತೆ, ಕನ್ನಡ ಇರಬೇಕು."

ಆ ಅಂಗಡಿಗೆ ಮತ್ತೆ ಹೋಗಿದ್ದೆ. ಬೋರ್ಡುಗಳು ಆಗಲೇ ಚಿನ್ನದವರ ಪಾಲಾಗಿದ್ದವು. ಆದರೆ ಇಂಥ ಸೆಟ್ ಒಂದೇ ಮಾಡಿರುವುದಿಲ್ಲ, ಇನ್ನೊಂದು ಯಾರದಾದರೂ ಡಬ್ಬಿಯಲ್ಲಿ ಇರಬಹುದು. ಈ ಬರಹದ ಸ್ಟಿಕ್ಕರ್ ಕಂಡರೆ ಮೊದಲು ಫೋಟೋ ತೆಗೆಯಿರಿ, ಅಂಚು ಎದ್ದಿದ್ದರೆ ಮೇಲೆ ಕಪ್ಪು ಟೇಪ್ ಹಚ್ಚಿ, ಓದಿಸಿ ಫೈಲ್ ಉಳಿಸಿ. ನನಗೊಂದು ಮಾತು ತಿಳಿಸಿ. ರಾಯರೂ ಕಾಯುತ್ತಿದ್ದಾರೆ.