ಪಾಡ್‌ನಿಂದ ಬಕೆಟ್‌ಗೆ ಮೂರು ದಾರಿ: ಮೂರನ್ನೂ ಬಳಸಿ ನೋಡಿದ ಮೇಲೆ

ನಮ್ಮದು ಬೆಂಗಳೂರಿನ ಎಚ್‌ಎಸ್‌ಆರ್ ಲೇಔಟ್‌ನಲ್ಲಿರುವ ಸಣ್ಣ ತಂಡ. ಲ್ಯಾಬ್‌ಗಳಿಂದ ಬರುವ ಸ್ಕ್ಯಾನ್ ಚಿತ್ರಗಳನ್ನು ಅಮೆಜಾನ್‌ನ ಕ್ಲೌಡ್ ಎಡಬ್ಲ್ಯೂಎಸ್‌ನ ಫೈಲ್ ಸಂಗ್ರಹ ಎಸ್3ನಲ್ಲಿ, ನಮ್ಮದೇ ಒಂದು ಬಕೆಟ್‌ನಲ್ಲಿ (ಫೈಲ್ ಇಡುವ ಜಾಗ) ಇಡುತ್ತೇವೆ. ಬೆಂಗಳೂರಿನಲ್ಲಿ ಎಡಬ್ಲ್ಯೂಎಸ್ ರೀಜನ್ (ಡೇಟಾ ಸೆಂಟರ್‌ಗಳ ಗುಂಪು) ಇಲ್ಲ. ಹಾಗಾಗಿ 2016ರಲ್ಲಿ ಶುರುವಾದ ಮುಂಬೈ ರೀಜನ್‌ನಲ್ಲೇ ನಮ್ಮ ಕುಬರ್ನೆಟಿಸ್ ಕ್ಲಸ್ಟರ್, ಅಲ್ಲೇ ಬಕೆಟ್. ಕುಬರ್ನೆಟಿಸ್ ನಮ್ಮ ಪ್ರೋಗ್ರಾಂಗಳನ್ನು ಪಾಡ್ ಎಂಬ ಸಣ್ಣ ಘಟಕಗಳಲ್ಲಿ ನಡೆಸುತ್ತದೆ. ಪಾಡ್‌ಗಳು ಪ್ರೈವೇಟ್ ಸಬ್‌ನೆಟ್‌ನಲ್ಲಿವೆ, ಅಂದರೆ ಇಂಟರ್‌ನೆಟ್‌ಗೆ ನೇರ ದಾರಿ ಇಲ್ಲದ ನೆಟ್‌ವರ್ಕ್ ಭಾಗದಲ್ಲಿ. ಅಲ್ಲಿಂದ ಬಕೆಟ್‌ಗೆ ಹೋಗಲು ಮೂರು ದಾರಿ: ನ್ಯಾಟ್ ಗೇಟ್‌ವೇ (ಇಂಟರ್‌ನೆಟ್‌ಗೆ ಹೊರದಾರಿ), ಗೇಟ್‌ವೇ ಎಂಡ್‌ಪಾಯಿಂಟ್, ಇಂಟರ್‌ಫೇಸ್ ಎಂಡ್‌ಪಾಯಿಂಟ್ (ಎಂಡ್‌ಪಾಯಿಂಟ್ ಅಂದರೆ ಇಂಟರ್‌ನೆಟ್ ಮುಟ್ಟದೆ ಎಡಬ್ಲ್ಯೂಎಸ್ ಸೇವೆಗೆ ಹೋಗುವ ಖಾಸಗಿ ದಾರಿ). ಮೂರನ್ನೂ ನಿಜವಾದ ಲೋಡ್ ಹಾಕಿ ನಡೆಸಿದ್ದೇವೆ.

ಎಲ್ಲರೂ ಶುರು ಮಾಡುವುದು ನ್ಯಾಟ್‌ನಿಂದಲೇ, ಅಲ್ವಾ? ನಾವೂ ಹಾಗೇ ಮಾಡಿದೆವು. ಏನೂ ಯೋಚಿಸಬೇಕಿಲ್ಲ, ಸುಮ್ನೆ ಕೆಲಸ ಮಾಡುತ್ತದೆ. ಆದರೆ ಹಾದುಹೋಗುವ ಪ್ರತಿ ಜಿಬಿಗೂ ದುಡ್ಡು. ವರ್ಜೀನಿಯಾ ರೀಜನ್‌ನ ದರ ಗಂಟೆಗೆ 0.045 ಡಾಲರ್, ಅದರ ಮೇಲೆ ಜಿಬಿಗೆ 0.045 ಡಾಲರ್. ಮುಂಬೈಯಲ್ಲಿ ಇನ್ನೂ ಸ್ವಲ್ಪ ಜಾಸ್ತಿ. ಸ್ಕ್ಯಾನ್ ಫೈಲ್‌ಗಳು ದೊಡ್ಡವು, ಬಿಲ್ ಬೇಗ ಏರಿತು.

ನನಗೆ ದುಡ್ಡಿಗಿಂತ ಹೆಚ್ಚು ಚಿಂತೆ ಹಿಡಿಸಿದ್ದು ಬೇರೆ. ನ್ಯಾಟ್ ಇದ್ದರೆ ಪಾಡ್‌ಗೆ ಇಡೀ ಇಂಟರ್‌ನೆಟ್ ತೆರೆದಿರುತ್ತದೆ. ಯಾರಾದರೂ ಪಾಡ್‌ನೊಳಗೆ ನುಗ್ಗಿದರು ಅಂದುಕೊಳ್ಳಿ. ಅವರು ತಮ್ಮದೇ ಕೀ ಹಾಕಿ, ತಮ್ಮದೇ ಬಕೆಟ್‌ಗೆ ನಮ್ಮ ರೋಗಿಗಳ ಚಿತ್ರ ಕಳುಹಿಸಬಹುದು. ನಮ್ಮ ಬಕೆಟ್‌ಗೆ ಎಷ್ಟೇ ಬಿಗಿಯಾದ ಪಾಲಿಸಿ (ಯಾರಿಗೆ ಅನುಮತಿ ಎಂಬ ನಿಯಮ) ಬರೆದರೂ ಇದನ್ನು ತಡೆಯಲಾಗದು. ಡೇಟಾ ಹೋಗುತ್ತಿರುವುದು ಬೇರೆಯವರ ಬಕೆಟ್‌ಗೆ.

ಇಲ್ಲೇ ಗೇಟ್‌ವೇ ಎಂಡ್‌ಪಾಯಿಂಟ್ ಗೆಲ್ಲುತ್ತದೆ. ಇದಕ್ಕೆ ಗಂಟೆಯ ಬಾಡಿಗೆ ಇಲ್ಲ, ಜಿಬಿ ಲೆಕ್ಕವೂ ಇಲ್ಲ. ಇದನ್ನು ಸಬ್‌ನೆಟ್‌ನ ರೂಟ್ ಟೇಬಲ್‌ಗೆ (ಯಾವ ಟ್ರಾಫಿಕ್ ಯಾವ ದಾರಿಗೆ ಎಂಬ ಪಟ್ಟಿ) ಸೇರಿಸಿದರೆ ಆಯಿತು, ಕೋಡ್ ಮುಟ್ಟಬೇಕಿಲ್ಲ. ಮುಖ್ಯವಾಗಿ, ಎಂಡ್‌ಪಾಯಿಂಟ್‌ಗೇ ಒಂದು ಪಾಲಿಸಿ ಬರೆಯಬಹುದು. ಸುಮ್ಮನೆ ಬಿಟ್ಟರೆ ಅದು ಎಲ್ಲವನ್ನೂ ಬಿಡುತ್ತದೆ. ನಾವು ನಮ್ಮ ಬಕೆಟ್‌ಗಳನ್ನಷ್ಟೇ ಬಿಡುವ ಹಾಗೆ ಬರೆದೆವು, ಆ ಸಬ್‌ನೆಟ್‌ನಿಂದ ನ್ಯಾಟ್ ರೂಟ್ ತೆಗೆದೆವು. ಪರರ ಬಕೆಟ್‌ನ ದಾರಿ ಮುಚ್ಚಿತು.

ಅದೇ ಸಂಜೆ ಸಹೋದ್ಯೋಗಿಯ ಫೋನ್: "ಗುರು, ಹೊಸ ಪಾಡ್ ಒಂದೂ ಏಳ್ತಿಲ್ಲ, ಇಮೇಜ್ ಪುಲ್‌ನಲ್ಲೇ ನಿಂತಿದೆ." ಪಾಡ್ ಏಳಲು ಬೇಕಾದ ಪ್ರೋಗ್ರಾಂ ಇಮೇಜ್ ಬರುವುದು ಎಡಬ್ಲ್ಯೂಎಸ್‌ನ ಇಮೇಜ್ ಸಂಗ್ರಹ ಇಸಿಆರ್‌ನಿಂದ. ಅದರ ಎರಡು ಎಂಡ್‌ಪಾಯಿಂಟ್‌ಗಳನ್ನು ಮೊದಲೇ ಹಾಕಿದ್ದೆವು, ಆದರೂ ಹೀಗೆ. ಎರಡು ಗಂಟೆ ಹುಡುಕಿದ ಮೇಲೆ ಗೊತ್ತಾಯಿತು: ಇಸಿಆರ್ ತನ್ನ ಇಮೇಜ್ ಲೇಯರ್‌ಗಳನ್ನು ಇಡುವುದೂ ಎಸ್3ನಲ್ಲೇ, ಎಡಬ್ಲ್ಯೂಎಸ್‌ನ ಸ್ವಂತ ಬಕೆಟ್‌ನಲ್ಲಿ. ನಮ್ಮ ಪಾಲಿಸಿ ಅದನ್ನೂ ತಡೆದಿತ್ತು. ಆ ಬಕೆಟ್‌ನಿಂದ ಓದಲು ಅನುಮತಿ ಕೊಟ್ಟ ಮೇಲೆ ಪಾಡ್‌ಗಳು ಎದ್ದವು. ಎಸ್‌ಟಿಎಸ್ ಕೂಡ ಹೀಗೇ ಕೈಕೊಡುತ್ತದೆ. ಪಾಡ್ ತನ್ನ ರೋಲ್‌ನ (ಅದಕ್ಕೆ ಕೊಟ್ಟ ಅನುಮತಿಗಳ ಗುಂಪು) ತಾತ್ಕಾಲಿಕ ಕೀ ಪಡೆಯುವುದು ಈ ಎಡಬ್ಲ್ಯೂಎಸ್ ಸೇವೆಯಿಂದ. ಅದಕ್ಕೊಂದು ಎಂಡ್‌ಪಾಯಿಂಟ್ ಇಲ್ಲದಿದ್ದರೆ ಪಾಡ್ ಟೈಮ್‌ಔಟ್ ಆಗುತ್ತದೆ, ನಾವು ಎಸ್3 ಕೆಟ್ಟಿದೆ ಅಂದುಕೊಳ್ಳುತ್ತೇವೆ.

ಇನ್ನೊಂದು ತಪ್ಪು ಪೂರ್ತಿ ನನ್ನದು. ನಮ್ಮ ಎಂಡ್‌ಪಾಯಿಂಟ್‌ನಿಂದ ಬರದ ಎಲ್ಲ ರಿಕ್ವೆಸ್ಟ್‌ಗೂ ಡಿನೈ (ತಡೆ) ಅಂತ ಬಕೆಟ್ ಪಾಲಿಸಿ ಬರೆದೆ. ಸೇವ್ ಒತ್ತಿದ ಕ್ಷಣದಿಂದ ಎಡಬ್ಲ್ಯೂಎಸ್‌ನ ವೆಬ್ ಕನ್ಸೋಲ್‌ನಲ್ಲಿ ನನಗೇ ಬಕೆಟ್ ತೆರೆಯಲಿಲ್ಲ. ಕನ್ಸೋಲ್ ಆ ಎಂಡ್‌ಪಾಯಿಂಟ್ ಮೂಲಕ ಬರುವುದಿಲ್ಲ, ಅಡ್ಮಿನ್ ಆದರೂ ಡಿನೈ ಅಂದರೆ ಡಿನೈ. ಕೊನೆಗೆ ಅಕೌಂಟ್‌ನ ರೂಟ್ (ಮೂಲ ಮಾಲೀಕರ) ಲಾಗಿನ್‌ನಿಂದ ಪಾಲಿಸಿ ಅಳಿಸಬೇಕಾಯಿತು. ಈಗ ಆ ಡಿನೈನಿಂದ ಒಂದು ಡಿಪ್ಲಾಯ್ ರೋಲ್‌ಗೆ ವಿನಾಯಿತಿ ಇಟ್ಟಿದ್ದೇವೆ. ನೀವು ಬರೆಯುವಾಗ ಅದನ್ನು ಮೊದಲೇ ಸೇರಿಸಿ.

ಗೇಟ್‌ವೇ ಎಂಡ್‌ಪಾಯಿಂಟ್‌ಗೆ ಒಂದು ಮಿತಿ ಇದೆ. ಅದು ವಿಪಿಸಿಯ, ಅಂದರೆ ಎಡಬ್ಲ್ಯೂಎಸ್‌ನಲ್ಲಿರುವ ನಮ್ಮ ಖಾಸಗಿ ನೆಟ್‌ವರ್ಕ್‌ನ, ಒಳಗಿನವರಿಗೆ ಮಾತ್ರ. ವಿಪಿಎನ್‌ನಲ್ಲಿ ಹೊರಗಿನಿಂದ ಬಂದವರಿಗೆ ಆ ದಾರಿ ಸಿಗುವುದಿಲ್ಲ. ಜಯನಗರದ ಒಂದು ಲ್ಯಾಬ್‌ನ ಸರ್ವರ್ ನೇರವಾಗಿ ಅಪ್‌ಲೋಡ್ ಮಾಡಬೇಕಿತ್ತು, ಅದೂ ಇಂಟರ್‌ನೆಟ್ ಮುಟ್ಟದೆ. ಅದಕ್ಕಾಗಿ ಇಂಟರ್‌ಫೇಸ್ ಎಂಡ್‌ಪಾಯಿಂಟ್ ತಂದೆವು. ಎಸ್3ಗೆ ಇದು ಬಂದದ್ದು 2021ರಲ್ಲಿ. ಇದು ಸಬ್‌ನೆಟ್‌ನಲ್ಲೇ ಒಂದು ಪ್ರೈವೇಟ್ ಐಪಿ ತೆಗೆದುಕೊಂಡು ಕೂರುತ್ತದೆ, ಸೆಕ್ಯುರಿಟಿ ಗ್ರೂಪ್ (ಫೈರ್‌ವಾಲ್ ನಿಯಮ) ಹಾಕಬಹುದು, ವಿಪಿಎನ್‌ನಿಂದಲೂ ತಲುಪಬಹುದು. ವರ್ಜೀನಿಯಾದಲ್ಲಿ ಒಂದೊಂದು ಜೋನ್‌ಗೆ (ರೀಜನ್‌ನೊಳಗಿನ ವಿಭಾಗ) ಗಂಟೆಗೆ 0.01 ಡಾಲರ್, ಮೊದಲ ಹಂತದಲ್ಲಿ ಜಿಬಿಗೂ 0.01 ಡಾಲರ್. ನ್ಯಾಟ್‌ಗಿಂತ ಅಗ್ಗ, ಉಚಿತವಂತೂ ಅಲ್ಲ.

ಕುಬರ್ನೆಟಿಸ್ ಕಡೆಯಿಂದ ನೋಡಿದರೆ ಇದರಲ್ಲಿ ಒಂದು ಒಳ್ಳೆಯ ಗುಣವಿದೆ. ಪಾಡ್ ಎಲ್ಲಿಗೆ ಹೋಗಬಹುದು ಎಂದು ಹೇಳುವ ಕುಬರ್ನೆಟಿಸ್‌ನ ನೆಟ್‌ವರ್ಕ್‌ಪಾಲಿಸಿಯಲ್ಲಿ ಹೊರಗಿನ ವಿಳಾಸವನ್ನು ಹೆಸರಿನಿಂದ ಹೇಳಲಾಗದು, ಐಪಿಯಿಂದಲೇ ಹೇಳಬೇಕು. ಎಸ್3ನ ಪಬ್ಲಿಕ್ ಐಪಿಗಳು ಹಲವು, ಬದಲಾಗುತ್ತಲೂ ಇರುತ್ತವೆ. ಇಂಟರ್‌ಫೇಸ್ ಎಂಡ್‌ಪಾಯಿಂಟ್‌ನ ಐಪಿ ಜೋನ್‌ಗೆ ಒಂದೇ. ಈ ಪಾಡ್ ಈ ಐಪಿಯ 443ನೇ ಪೋರ್ಟ್‌ಗೆ (ಎಚ್‌ಟಿಟಿಪಿಎಸ್) ಮಾತ್ರ ಹೋಗಲಿ ಅಂತ ಬರೆದು ನೆಮ್ಮದಿಯಿಂದ ಇರಬಹುದು. 53ನೇ ಪೋರ್ಟ್‌ನಲ್ಲಿ ಡಿಎನ್‌ಎಸ್ (ಹೆಸರಿನಿಂದ ಐಪಿ ಹುಡುಕುವುದು) ಬಿಡುವುದನ್ನು ಮಾತ್ರ ಮರೆಯಬೇಡಿ. ಪ್ರತಿ ಪಾಡ್‌ನ ಹೊರದಾರಿಯನ್ನೂ ಬಿಗಿಮಾಡಲೇಬೇಕಾದ ತಂಡಕ್ಕೆ ನಾನು ಇದನ್ನೇ ಹೇಳುತ್ತೇನೆ.

ನಮಗೆ ಎರಡೂ ಬೇಕಾದವು. ಪಾಡ್‌ಗಳು ಗೇಟ್‌ವೇ ದಾರಿಯಲ್ಲೇ ಹೋಗುತ್ತವೆ. ಇಂಟರ್‌ಫೇಸ್‌ಗೆ ಪ್ರೈವೇಟ್ ಡಿಎನ್‌ಎಸ್ (ಎಸ್3ನ ಮಾಮೂಲಿ ಹೆಸರನ್ನೇ ಈ ಎಂಡ್‌ಪಾಯಿಂಟ್‌ಗೆ ತಿರುಗಿಸುವ ಸೌಲಭ್ಯ) ಆನ್ ಮಾಡಲಿಲ್ಲ, ಇಡೀ ವಿಪಿಸಿಗೆ ಮಾಡಿದ್ದರೆ ಪಾಡ್‌ಗಳ ಟ್ರಾಫಿಕ್ಕೂ ಆ ಕಡೆಗೆ ತಿರುಗಿ ಬಿಲ್ ಆಗುತ್ತಿತ್ತು. ಲ್ಯಾಬ್‌ನ ಅಪ್‌ಲೋಡ್ ಪ್ರೋಗ್ರಾಂಗೆ ಎಂಡ್‌ಪಾಯಿಂಟ್‌ನ ಸ್ವಂತ ವಿಳಾಸವನ್ನೇ ಕೊಟ್ಟಿದ್ದೇವೆ. ಬಕೆಟ್ ಪಾಲಿಸಿಯಲ್ಲಿ ಎರಡೂ ಎಂಡ್‌ಪಾಯಿಂಟ್‌ಗಳ ಐಡಿ ಇದೆ. ನ್ಯಾಟ್ ಈಗ ಎಸ್‌ಎಂಎಸ್ ಕಳುಹಿಸುವ ಸರ್ವಿಸ್‌ನ ಸಬ್‌ನೆಟ್‌ಗೆ ಮಾತ್ರ, ಚಿತ್ರಗಳನ್ನು ಮುಟ್ಟುವ ಯಾವ ಪಾಡ್ ಕೂಡ ಅಲ್ಲಿಲ್ಲ.