ಮೂರು ಗಿಟಾರ್, ಬೇಸ್ ಯಾರಿಗೂ ಬೇಡ! ಮಕ್ಕಳ ಬ್ಯಾಂಡ್ ಬ್ಯಾಚಿಗೆ ಮಗನನ್ನು ಹಾಕಿದ ಕತೆ

ಮಂಗಳೂರಲ್ಲಿ ಗಿಟಾರ್, ಕೀಬೋರ್ಡ್ ಕಲಿಸುವ ಕ್ಲಾಸಿಗೆ ಬರಗಾಲ ಇಲ್ಲ, ಆದ್ರೆ ನಾಲ್ಕೈದು ಮಕ್ಕಳನ್ನು ಕೂರಿಸಿ ಒಟ್ಟಿಗೆ ಬಾರಿಸ್ಲಿಕ್ಕೆ ಕಲಿಸುವವ್ರು ಸಿಗುದು ಕಷ್ಟ ಮಾರಾಯ್ರೆ. ನನ್ನ ಮಗನಿಗೆ ಹದಿಮೂರು, ಕೀಬೋರ್ಡಲ್ಲಿ ಟ್ರಿನಿಟಿ ಸಂಗೀತ ಪರೀಕ್ಷೆಯ ಗ್ರೇಡ್ 3 ಆಗಿದೆ, ಮನೇಲಿ ಒಬ್ಬನೇ ಬಾರಿಸುವಾಗ ನಮಗೆಲ್ಲ ಭಾರೀ ಖುಷಿ. ಸ್ಕೂಲ್ ಡೇ ದಿವಸ ತಬಲಾದ ಹುಡುಗ ಒಟ್ಟಿಗೆ ಕೂತದ್ದೇ ಇವ ಎರಡು ಸಾಲು ಮುಂದೆ ಓಡಿ, ಹಾಡು ಮುಗಿಸಿ, ಕೈ ಕಟ್ಟಿ ಕೂತುಬಿಟ್ಟ. ಹಾಗಾಗಿ ಈ ಸಲದ ಬೇಸಿಗೆ ರಜೆಯಲ್ಲಿ ಬಿಜೈ ಕಡೆ ಒಂದು ಮಹಡಿ ಮೇಲಿನ ಕ್ಲಾಸಿನವ್ರು ಶುರು ಮಾಡಿದ ಬ್ಯಾಂಡ್ ಬ್ಯಾಚಿಗೆ ಹಾಕಿದೆ. ಶನಿವಾರ ಭಾನುವಾರ ಎರಡೆರಡು ಗಂಟೆ, ಆರು ವಾರ, ಫೀಸು 6,500. ಹೆಸರು ಹಾಕುದಿಲ್ಲ, ಕೆಳಗೆ ಬೈದದ್ದೂ ಉಂಟು.

ಮೊದಲ ದಿನ ಇವನ ಗುಂಪಲ್ಲಿ ಆರು ಮಕ್ಳು, ಅದ್ರಲ್ಲಿ ಮೂರು ಜನ ಗಿಟಾರ್! ಬೇಸ್ ಗಿಟಾರ್ ಯಾರು ಹಿಡಿತೀರಿ ಕೇಳಿದ್ರೆ ಮೂವರೂ ಸೀಲಿಂಗ್ ಫ್ಯಾನ್ ನೋಡ್ತಾರೆ. ಸರ್ ಒಬ್ಬನ ಕೈಗೆ ಕೊಟ್ರು, ನಾಲ್ಕು ತಂತಿ, ನಿನ್ನ ಗಿಟಾರಿನ ದಪ್ಪದ ನಾಲ್ಕು ತಂತಿಯದ್ದೇ ಹೆಸರು, ಒಂದು ಸ್ಥಾಯಿ ಕೆಳಗೆ ಅಷ್ಟೇ ಅಂತ. ಹುಡುಗನ ಮುಖ ಇಷ್ಟುದ್ದ. ಬೇಸ್ ಯಾರಿಗೂ ಕೇಳುದೇ ಇಲ್ಲ ಅಂತ ಅವನ ಕಸಿನ್ ಹೇಳಿದ್ದಂತೆ. ಎರಡನೇ ವಾರ ಸರ್ ಹಾಡಿನ ಮಧ್ಯದಲ್ಲಿ ಅವನಿಗೆ ನಿಲ್ಲಿಸ್ಲಿಕ್ಕೆ ಸನ್ನೆ ಮಾಡಿದ್ರು, ಬೆಂಚಲ್ಲಿ ಫೋನ್ ನೋಡ್ತಾ ಕೂತಿದ್ದ ನಾನೂ ತಲೆ ಎತ್ತಿದೆ, ನೆಲ ಜಾರಿದ ಹಾಗೆ ಆಯ್ತು. ಮತ್ತೆ ಶುರು ಮಾಡು ಅಂದಾಗ ಅವನ ಮುಖ ನೋಡ್ಬೇಕಿತ್ತು.

ಡ್ರಮ್ಸಿಗೆ ಕೂತವ ಯಕ್ಷಗಾನದ ಹಿಮ್ಮೇಳ ಕಲಿಯುವ ಹುಡುಗ, ಚೆಂಡೆ ಬಾರಿಸಿ ಅಭ್ಯಾಸ. ಕೈ ಅಂದ್ರೆ ಕೈ, ಆದ್ರೆ ಗ್ಯಾಪ್ ಸಿಕ್ಕಿದಲ್ಲೆಲ್ಲ ಉರುಳಿಕೆ ಹಾಕ್ತಾನೆ. ಸರ್ ಬೈಲಿಲ್ಲ. "ಭಾಗವತ್ರು ಮೆಲ್ಲ ಪದ ಹೇಳುವಾಗ ಚೆಂಡೆಯವ ಎಂತ ಮಾಡ್ತಾನೆ?" ಕೇಳಿದ್ರು. "ಸುಮ್ಮನೆ ಇರ್ತಾನೆ ಸರ್, ಮದ್ದಳೆ ಮಾತ್ರ." "ಹಾಂ, ಹಾಗಾದ್ರೆ ನೀನು ಈಗ ಮದ್ದಳೆ." ಅಷ್ಟೇ. ನಾಲ್ಕರ ಎಣಿಕೆಯಲ್ಲಿ ಒಂದು ಮತ್ತು ಮೂರಕ್ಕೆ ಕಾಲಲ್ಲಿ ಒತ್ತುವ ದೊಡ್ಡ ಡ್ರಮ್ಮು, ಅಂದ್ರೆ ಕಿಕ್, ಎರಡು ಮತ್ತು ನಾಲ್ಕಕ್ಕೆ ಕೋಲಲ್ಲಿ ಬಾರಿಸುವ ಸ್ನೇರ್ ಡ್ರಮ್ಮು, ಎರಡು ವಾರ ಅದು ಬಿಟ್ಟು ಬೇರೆ ಎಂತದೂ ಇಲ್ಲ. ಈ ಸರ್ ಹತ್ರ ನಂಗೆ ಇಷ್ಟ ಆದದ್ದೇ ಇದು, ಯಾವಾಗ ಬಾರಿಸ್ಬಾರ್ದು ಅಂತ ಮೊದಲು ಹೇಳಿಕೊಡ್ತಾರೆ. ಆರು ವಾರಕ್ಕೆ ಎರಡೇ ಹಾಡು. ಕೆಲವು ಪೇರೆಂಟ್ಸಿಗೆ ಅದೇ ಸಿಟ್ಟು, ಇಷ್ಟು ದುಡ್ಡಿಗೆ ಎರಡೇ ಹಾಡಾ ಅಂತ.

ಹಾಡುವ ಹುಡುಗಿ ಕರ್ನಾಟಕ ಸಂಗೀತದವಳು, ಶ್ರುತಿ ಐದೂವರೆ, ಅಂದ್ರೆ ಜಿ ಶಾರ್ಪ್. ಗಿಟಾರಿನವ್ರಿಗೆ ಸುಲಭ, ಮೊದಲ ಫ್ರೆಟ್ಟಿಗೆ ಕೇಪೋ, ಅಂದ್ರೆ ಎಲ್ಲ ತಂತಿ ಒತ್ತಿ ಹಿಡಿಯುವ ಕ್ಲಿಪ್ಪು, ಹಾಕಿ ಗೊತ್ತಿರುವ ಜಿ, ಇ ಮೈನರ್, ಸಿ, ಡಿ ಕಾರ್ಡ್ ಹಿಡಿದ್ರೆ ಆಯ್ತು. ನನ್ನವನಿಗೆ ಇಡೀ ಕೀಬೋರ್ಡಿನ ಶ್ರುತಿ ಅರ್ಧ ಸ್ವರ ಏರಿಸ್ಲಿಕ್ಕೆ ಟ್ರಾನ್ಸ್‌ಪೋಸ್ ಬಟನ್ ಒಂದು ಸಲ ಒತ್ತಿಕೋ ಅಂದ್ರೆ ಗ್ರೇಡ್ 3 ಜಂಬ, ಕಪ್ಪು ಮನೆಯಲ್ಲೇ ಬಾರಿಸ್ತೇನೆ ಅಂತ ಹಠ, ಮೂರು ಕ್ಲಾಸಲ್ಲಿ ತಪ್ಪು ಬಾರಿಸಿದ ಮೇಲೆ ಒತ್ತಿದ. ಮನೇಲಿ ನಮ್ಮ ಅತ್ತೆದು ಬೇರೆ ರಾಗ, ಪಾಠ ಆದ ಹುಡುಗಿ ಡ್ರಮ್ಸ್ ಒಟ್ಟಿಗೆ ಹಾಡುದಾ ಅಂತ. ಕದ್ರಿ ಗೋಪಾಲನಾಥರು ಮೈಸೂರು ಅರಮನೆ ಬ್ಯಾಂಡಲ್ಲಿ ಕೇಳಿದ ಸ್ಯಾಕ್ಸೋಫೋನನ್ನೇ ಕಛೇರಿಗೆ ತಂದವ್ರಲ್ವಾ ಅತ್ತೆ ಅಂದೆ. ಅದು ಬೇರೆ ಅಂದ್ರು. ಎಂತ ಬೇರೆ ಅಂತ ಹೇಳ್ಲಿಲ್ಲ.

ಇನ್ನು ಬೈಗುಳ. ರೂಮು ಸಣ್ಣದು, ಗೋಡೆಗೆ ಮೊಟ್ಟೆ ಟ್ರೇ ಅಂಟಿಸಿ ಸೌಂಡ್ ಪ್ರೂಫ್ ಅಂತಾರೆ, ಅದ್ರಲ್ಲಿ ಶಬ್ದ ಹೊರಗೆ ಹೋಗುದು ಎಲ್ಲಿ ನಿಲ್ತದೆ, ಒಳಗೆ ಸ್ವಲ್ಪ ಎಕೋ ಕಮ್ಮಿ ಆಗ್ಬಹುದು ಅಷ್ಟೇ. ಡ್ರಮ್ಸ್ ಜೋರಾಯ್ತು ಅಂತ ಗಿಟಾರ್ ಜೋರು, ಗಿಟಾರ್ ಜೋರಾಯ್ತು ಅಂತ ಕೀಬೋರ್ಡ್ ಜೋರು, ಪಾಪ ಆ ಹುಡುಗಿ ಗಂಟಲು ಹರ್ಕೊಂಡು ಹಾಡುದು, ಮಗ ಮನೆಗೆ ಬಂದು ಕಿವಿ ಗುಂಯ್ ಅಂತದೆ ಅಂದ. ಇಯರ್ ಪ್ಲಗ್ ನಾವೇ ಮೆಡಿಕಲಿಂದ ತಂದುಕೊಟ್ಟದ್ದು. ಕೊನೆಯ ವಾರ ರೆಕಾರ್ಡಿಂಗಿಗೆ ಅಂತ ಮತ್ತೆ 800 ಕೇಳಿದ್ರು, ಮೊದಲೇ ಹೇಳ್ಲಿಕ್ಕೆ ಎಂತ ಕಷ್ಟ? ಪಾರ್ಕಿಂಗ್ ಕೇಳ್ಬೇಡಿ.

ಕೊನೆಗೆ ಅಲ್ಲೇ ಪಕ್ಕದ ಹಾಲಲ್ಲಿ ಒಂದು ಸಣ್ಣ ಪ್ರೋಗ್ರಾಂ ಇತ್ತು. ಮೇ ತಿಂಗಳ ಕೊನೆ, ಸಂಜೆ ಗುಡುಗು ಮಳೆ, ಇವರು ಸ್ಟೇಜಿಗೆ ಹತ್ತುವಾಗ ಕರೆಂಟ್ ಹೋಗಿ ಎರಡು ನಿಮಿಷದಲ್ಲಿ ಬಂತು. ಎಲ್ಲರಿಗೂ ಸಮಾಧಾನ. ಕೀಬೋರ್ಡ್ ಆಫ್ ಆಗಿ ಆನ್ ಆದಾಗ ಟ್ರಾನ್ಸ್‌ಪೋಸ್ ಸೊನ್ನೆಗೆ ಹೋದದ್ದು ಯಾರಿಗೂ ಗೊತ್ತಿಲ್ಲ! ಹಾಡು ಶುರು, ಗಿಟಾರ್ ಜಿ ಶಾರ್ಪಲ್ಲಿ, ನನ್ನ ಮಗ ಜಿಯಲ್ಲಿ, ಅರ್ಧ ಸ್ವರದ ಜಗಳ, ನಂಗೆ ಕುರ್ಚಿ ಅಡಿಗೆ ಹೋಗುವ ಅಂತ ಆಯ್ತು. ಹುಡುಗಿ ಕಿವಿಗೆ ಕೈ ಇಟ್ಟು ಹಾಡು ನಿಲ್ಲಿಸಿದ್ಲು. ಆದ್ರೆ ಚೆಂಡೆ ಹುಡುಗ ನಿಲ್ಲಿಸ್ಲಿಲ್ಲ, ಬರೇ ಕಿಕ್ ಸ್ನೇರ್, ಮೆಲ್ಲ, ಬೇಸಿನವನೂ ಅವನ ಹಿಂದೆಯೇ. ನನ್ನವ ಎರಡೂ ಕೈ ಎತ್ತಿದ, ಡಿಸ್‌ಪ್ಲೇ ನೋಡಿದ, ಬಟನ್ ಒತ್ತಿದ. ನಾನು ಈಗ ಓಡ್ತಾನೆ ಅಂದುಕೊಂಡೆ. ಇಲ್ಲ, ಡ್ರಮ್ಸಿನವನ ಮುಖ ನೋಡಿಕೊಂಡು ತಲೆ ಆಡಿಸ್ತಾ ಕಾದ, ಮುಂದಿನ ಒಂದಕ್ಕೆ ಸರಿಯಾಗಿ ಸೇರಿದ, ಹುಡುಗಿ ನಗ್ತಾ ಮತ್ತೆ ಪಲ್ಲವಿಯಿಂದ ಎತ್ತಿದ್ಲು. 6,500 ಅಲ್ಲಿಗೆ ವಸೂಲಿ ನಂಗೆ.

ದಸರಾ ರಜೆಗೆ ಇನ್ನೊಂದು ಬ್ಯಾಚ್ ಮಾಡ್ತಾರಂತೆ. ಹಾಕುದಾದ್ರೆ ಹಾಕಿ, ರೆಕಾರ್ಡಿಂಗಿನ ದುಡ್ಡು ಸೇರಿಯಾ ಅಂತ ಮೊದಲೇ ಕೇಳಿ, ಮಕ್ಕಳ ಗಿಟಾರ್ ಬ್ಯಾಗಿಗೆ ಎರಡು ಸಿಲಿಕಾ ಜೆಲ್ ಪ್ಯಾಕೆಟ್ ಹಾಕಿ, ನಮ್ಮ ಊರಿನ ಹವೆಗೆ ತಂತಿ ತುಕ್ಕು ಹಿಡಿಲಿಕ್ಕೆ, ಮರ ಉಬ್ಬಿ ತಂತಿ ಮೇಲೆ ಏಳ್ಲಿಕ್ಕೆ ಹೆಚ್ಚು ದಿವಸ ಬೇಡ. ನಮ್ಮ ಆರು ಮಕ್ಳು ಈಗ ಭಾನುವಾರ ನಮ್ಮ ಸಿಟೌಟಲ್ಲೇ ಸೇರುದು, ಗೋಳಿಬಜೆ ಸಪ್ಲೈ ಅತ್ತೆದು. ಬೇಸ್ ಹುಡುಗನಿಗೆ ಕ್ಲಾಸಿನ ಬೇಸ್ ವಾಪಸ್ ಕೊಟ್ಟ ಮೇಲೆ ಕೈಯಲ್ಲಿ ಎಂತದೂ ಇಲ್ಲ, ಅವನ ಅಪ್ಪ ಸೆಕೆಂಡ್ ಹ್ಯಾಂಡ್ ಹುಡುಕ್ತಾ ಇದ್ದಾರೆ, ಯಾರ ಮನೇಲಾದ್ರೂ ಸುಮ್ಮನೆ ಮೂಲೇಲಿ ಇದ್ರೆ ಹೇಳಿ ಆಯ್ತಾ.